ಕಿಡ್ನಿಯ ಕೋಶದಲ್ಲಿ ಆಮ್ಲ ಎಲ್ಲಿದೆ?

ಚಾಮರಾಜನಗರ ಜಿಲ್ಲೆಯ ಕುದೇರಾಗಲಿ, ಗುಂಡ್ಲುಪೇಟೆ ಕಡೆಯ ಹಳ್ಳಿಯಾಗಲಿ, ಕಿಡ್ನಿ ಕಾಯಿಲೆ ಹೊಕ್ಕ ಮನೆಯಲ್ಲಿ ಕ್ರಿಯಾಟಿನಿನ್ ಎಂಬ ಪದ ಎಲ್ಲರಿಗೂ ಬಾಯಿಪಾಠ. ಹೋದ ಸಲ ಎರಡಿತ್ತು, ಈ ಸಲ ಮೂರಾಯ್ತು ಎಂದು ಓದು ಬಾರದವರೂ ಲೆಕ್ಕ ಇಟ್ಟಿರುತ್ತಾರೆ. ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಕೂಡ ಅಪರಿಚಿತವಲ್ಲ. ಆಮ್ಲದ ಮಾತು ಮಾತ್ರ ಅಪರೂಪ. ಬಂದರೂ ‘ರಕ್ತದಲ್ಲಿ ಆಸಿಡ್ ಜಾಸ್ತಿಯಾಗಿದೆ, ಸೋಡಾ ಮಾತ್ರೆ ತಗೊಳ್ಳಿ’ ಎನ್ನುವಷ್ಟಕ್ಕೆ ಮುಗಿಯುತ್ತದೆ. ಈ ಮಾತಿನ ಹಿಂದೆ ಒಂದು ಹಳೆಯ ತಿಳಿವಳಿಕೆ ಇದೆ. ಅದರ ಪ್ರಕಾರ ಆಮ್ಲ ಎಂದರೆ ಕಸ, ಹಾರ್ಮೋನು ಎಂದರೆ ಅಪ್ಪಣೆ, ಕಿಡ್ನಿ ಆ ಅಪ್ಪಣೆ ಕೇಳಿ ಕಸ ಹೊರಹಾಕುವ ಅಂಗ. ಕಸ ಹೆಚ್ಚಿದರೆ ಸುಣ್ಣದಂಥ ಕ್ಷಾರ ಹಾಕಿ ಸರಿಮಾಡಬಹುದು. ವೈದ್ಯಕೀಯ ಪಠ್ಯಗಳೂ ಬಹುಕಾಲ ಇದನ್ನೇ ಇನ್ನಷ್ಟು ಬಿಗಿಯಾದ ಭಾಷೆಯಲ್ಲಿ ಹೇಳುತ್ತ ಬಂದವು. ಕಳೆದ ನಾಲ್ಕು ದಶಕಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಚಿತ್ರ ನಿಲ್ಲುವುದಿಲ್ಲ. ಹಾರ್ಮೋನಿನ ಅಪ್ಪಣೆ ಕೋಶಕ್ಕೆ ಕೇಳಿಸುತ್ತದೆಯೇ, ಕೇಳಿಸಿದರೆ ಎಷ್ಟು ಹೊತ್ತು ಜಾರಿಯಲ್ಲಿರುತ್ತದೆ, ಯಾವಾಗ ರದ್ದಾಗುತ್ತದೆ ಎಂಬುದನ್ನೆಲ್ಲ ಆಮ್ಲತೆಯೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಆದರೆ ಹಾಗೆ ತೀರ್ಮಾನಿಸುವುದು ರಕ್ತದಲ್ಲಿ ಅಳೆಯುವ ಆಮ್ಲತೆಯಲ್ಲ, ಕೋಶದೊಳಗೆ ಆಯಾ ಜಾಗದಲ್ಲಿರುವ ಆಮ್ಲತೆ. ಈ ವ್ಯತ್ಯಾಸವನ್ನು ಮರೆತದ್ದರಿಂದಲೇ ಚಿಕಿತ್ಸೆಯ ಪ್ರಯೋಗಗಳು ಒಮ್ಮೆ ಗೆದ್ದು ಒಮ್ಮೆ ಸೋತು ವೈದ್ಯರನ್ನು ಗೊಂದಲಕ್ಕೆ ಕೆಡವಿವೆ ಎಂಬುದು ನನ್ನ ವಾದ.

ಮೊದಲು ಪ್ರಮಾಣದ ಅರಿವು ಬೇಕು. ಆಮ್ಲತೆಯನ್ನು ಪಿಎಚ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. ಅಂದರೆ ಒಂದು ಲೀಟರಿನಲ್ಲಿ ಸುಮಾರು 40 ನ್ಯಾನೋಮೋಲ್ ಹೈಡ್ರೋಜನ್ ಅಯಾನು. ಕೋಶದ ಒಳರಸದಲ್ಲಿ ಪಿಎಚ್ 7.2ರ ಆಸುಪಾಸು, ಸುಮಾರು 63 ನ್ಯಾನೋಮೋಲ್. ಕೋಶವು ಹೊರಗಿನಿಂದ ಪದಾರ್ಥಗಳನ್ನು ನುಂಗಿ ಒಳಗೆಳೆದುಕೊಳ್ಳುವ ಎಂಡೋಸೋಮ್ ಎಂಬ ಚೀಲಗಳಲ್ಲಿ ಪಿಎಚ್ ಆರರ ಸುತ್ತಮುತ್ತ ಇದ್ದು, ಚೀಲ ಒಳಒಳಗೆ ಸಾಗಿದಂತೆ ಐದೂವರೆಗೆ ಇಳಿಯುತ್ತದೆ. ಕಡೆಗೆ ಎಲ್ಲವನ್ನೂ ಅರೆಯುವ ಲೈಸೋಸೋಮ್‌ನಲ್ಲಿ ಐದಕ್ಕೂ ಕೆಳಗೆ. ಹೀಗೆ ಕೂದಲೆಳೆಯ ಅಗಲಕ್ಕಿಂತ ಚಿಕ್ಕದಾದ ಒಂದೇ ಕೋಶದಲ್ಲಿ ಆಮ್ಲತೆ ನೂರು ಪಟ್ಟಿಗೂ ಹೆಚ್ಚು ಏರುಪೇರಾಗಿರುತ್ತದೆ. ಇದು ಯಾಕೆ ಮುಖ್ಯ ಎನ್ನುವುದಕ್ಕೆ ಕುದೇರಿನ ಚಾಮುಲ್ ಡೇರಿಯ ಹಾಲನ್ನೇ ನೆನೆಯಬಹುದು. ಹಸಿ ಹಾಲಿನ ಪಿಎಚ್ ಸುಮಾರು 6.6. ಅದು 4.6ಕ್ಕೆ ಇಳಿದರೆ ಹಾಲು ಒಡೆಯುತ್ತದೆ. ಕೇಸಿನ್ ಎಂಬ ಪ್ರೋಟೀನು ಅದೇ. ಹೈಡ್ರೋಜನ್ ಅಯಾನುಗಳು ಅಂಟಿಕೊಂಡು ವಿದ್ಯುದಂಶ ಬದಲಾಯಿತು, ನಡತೆಯೂ ಬದಲಾಯಿತು. ಹಾರ್ಮೋನನ್ನು ಹಿಡಿಯುವ ಗ್ರಾಹಕ, ಪೊಟ್ಯಾಸಿಯಂ ದಾಟಿಸುವ ಕಾಲುವೆ, ಸೋಡಿಯಂ ಸಾಗಿಸುವ ಪಂಪು ಎಲ್ಲವೂ ಪ್ರೋಟೀನುಗಳೇ. ಅವುಗಳಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಪಿಎಚ್ ಆರು–ಏಳರ ನಡುವೆಯೇ ಅಯಾನನ್ನು ಹಿಡಿಯುವ, ಬಿಡುವ ಸ್ವಭಾವದ್ದು. ಡೇರಿಯಲ್ಲಿ ಒಂದು ಕ್ಯಾನಿಗೆ ಒಂದು ಆಮ್ಲತೆಯ ಅಂಕಿ ಸಾಕು. ಕಿಡ್ನಿಯ ಕೋಶಕ್ಕೆ ಅದು ಸಾಲದು. ಹೋಲಿಕೆ ಅಲ್ಲಿಗೆ ಮುಗಿಯಿತು.

ಕಿಡ್ನಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ದೊಡ್ಡವರ ದೇಹದಲ್ಲಿ ಊಟದ ಪ್ರೋಟೀನಿನಿಂದ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ ಸುಮಾರು ಒಂದು ಮಿಲಿಈಕ್ವಿವಲೆಂಟ್‌ನಂತೆ, ಉಸಿರಿನಲ್ಲಿ ಹೊರಹೋಗಲಾರದ ಆಮ್ಲ ಹುಟ್ಟುತ್ತದೆ. ಅದನ್ನು ಮೂತ್ರಕ್ಕೆ ಸೇರಿಸುವುದು ಕಿಡ್ನಿಯೊಂದೇ. ಅದಕ್ಕೂ ಮೊದಲು, ದಿನಕ್ಕೆ ಸೋಸಿದ 180 ಲೀಟರ್ ದ್ರವದಲ್ಲಿ ಹರಿದುಹೋಗುವ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಪೂರ್ತಿ ಹಿಂದಕ್ಕೆ ಎಳೆದುಕೊಳ್ಳಬೇಕು. ಈ ಎರಡೂ ಕೆಲಸಕ್ಕೆ ಸೋಸಿದ ದ್ರವ ಹರಿಯುವ ನಾಳಿಕೆಯ ಕೋಶಗಳು ಎಡೆಬಿಡದೆ ಹೈಡ್ರೋಜನ್ ಅಯಾನುಗಳನ್ನು ತಮ್ಮ ಮೈಯಿಂದ ಹೊರನೂಕುತ್ತಿರುತ್ತವೆ. ಸೋಡಿಯಂ ಒಳಗೆ ಬಿಟ್ಟುಕೊಂಡು ಹೈಡ್ರೋಜನ್ ಹೊರಗಟ್ಟುವ ವಿನಿಮಯವನ್ನು ಮ್ಯೂರರ್, ಹಾಪ್ಫರ್, ಕಿನ್ನೆ ಎಂಬ ವಿಜ್ಞಾನಿಗಳು 1976ರಲ್ಲಿ ಇಲಿಯ ಕರುಳು ಮತ್ತು ಕಿಡ್ನಿಯ ಪೊರೆಗಳಲ್ಲಿ ತೋರಿಸಿಕೊಟ್ಟರು. ಆಂಜಿಯೋಟೆನ್ಸಿನ್, ಅಲ್ಡೋಸ್ಟೆರೋನ್, ಪ್ಯಾರಾಥೈರಾಯ್ಡ್ ಹಾರ್ಮೋನು, ಕಾರ್ಟಿಸೋಲ್, ಎಂಡೋಥೆಲಿನ್ ಎಂಬ ಹಾರ್ಮೋನುಗಳೆಲ್ಲ ಕೊನೆಗೆ ಕೈಯಿಡುವುದು ಈ ವಿನಿಮಯದ ಮೇಲೆ, ಇಲ್ಲವೇ ಅದರ ನೆರೆಯ ಪಂಪುಗಳ ಮೇಲೆ. ಆದ್ದರಿಂದ ಕಿಡ್ನಿಯಲ್ಲಿ ಹಾರ್ಮೋನಿನ ಕೆಲಸವನ್ನೂ ಆಮ್ಲದ ಕೆಲಸವನ್ನೂ ಬೇರೆಬೇರೆ ಖಾತೆಗಳಲ್ಲಿ ಬರೆಯಲು ಬರುವುದಿಲ್ಲ.

ಆಮ್ಲತೆ ಹಾರ್ಮೋನಿನ ಕೆಲಸದ ಮಧ್ಯೆ ನಿಂತಿದೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿ ಬಂದದ್ದು ಕಪ್ಪೆಯ ಕಿಡ್ನಿಯಿಂದ. 1987ರಲ್ಲಿ ಜರ್ಮನಿಯ ಓಬರ್‌ಲೈಟ್ನರ್ ಮತ್ತು ಸಂಗಡಿಗರು ನಾಳಿಕೆಯ ಕೋಶಗಳನ್ನು ಒಂದಕ್ಕೊಂದು ಬೆಸೆದು ಸೂಜಿ ಚುಚ್ಚಲು ಬರುವಷ್ಟು ದೊಡ್ಡದು ಮಾಡಿಕೊಂಡರು. ಅಲ್ಡೋಸ್ಟೆರೋನ್ ಕೊಟ್ಟಾಗ ಸೋಡಿಯಂ–ಹೈಡ್ರೋಜನ್ ವಿನಿಮಯ ಚುರುಕಾಗಿ ಕೋಶದೊಳಗಿನ ಪಿಎಚ್ ಏರಿತು. ವಿನಿಮಯವನ್ನು ತಡೆಯುವ ಅಮಿಲೋರೈಡ್ ಹಾಕಿದರೆ ಏರಲಿಲ್ಲ. ಬರೀ ಇಷ್ಟೇ ಆಗಿದ್ದರೆ ಅದು ಹಾರ್ಮೋನಿನ ಇನ್ನೊಂದು ಪರಿಣಾಮ ಎಂದು ಬದಿಗಿಡಬಹುದಿತ್ತು. ಆದರೆ ಅಲ್ಡೋಸ್ಟೆರೋನಿನ ಹೆಸರುವಾಸಿ ಕೆಲಸವಾದ ಪೊಟ್ಯಾಸಿಯಂ ವಿಸರ್ಜನೆ ನಡೆಯುವ ಕಾಲುವೆಗಳು ಒಳಗಿನ ಪಿಎಚ್‌ಗೆ ತೀರ ಸೂಕ್ಷ್ಮ ಎಂಬುದು ಮುಂದೆ ಖಚಿತವಾಯಿತು. ರೋಮ್‌ಕೆ ಎಂದು ಕರೆಯುವ ಆ ಕಾಲುವೆ ಕೋಶದ ಒಳರಸ ಏಳರಿಂದ ಕೆಳಗೆ ಸರಿಯುತ್ತಿದ್ದಂತೆ ಮುಚ್ಚಿಕೊಳ್ಳುತ್ತದೆ, ಕ್ಷಾರದ ಕಡೆ ಸರಿದರೆ ತೆರೆದುಕೊಳ್ಳುತ್ತದೆ. ಅಂದರೆ ಹಾರ್ಮೋನು ಮೊದಲು ಆಮ್ಲತೆಯನ್ನು ತಗ್ಗಿಸುತ್ತದೆ, ತಗ್ಗಿದ ಆಮ್ಲತೆ ಕಾಲುವೆಯ ಬಾಗಿಲು ತೆಗೆಯುತ್ತದೆ. ರಕ್ತದಲ್ಲಿ ಅಲ್ಡೋಸ್ಟೆರೋನ್ ಬೇಕಾದಷ್ಟಿದ್ದೂ ಆಮ್ಲ ತುಂಬಿದ ಕೋಶ ಪೊಟ್ಯಾಸಿಯಮನ್ನು ಹೊರಹಾಕಲು ತಡವರಿಸುವುದು ಈ ಕಾರಣಕ್ಕೆ.

ತಿರುಗುಮುರುಗಿನ ಹಾದಿಯೂ ಅಷ್ಟೇ ಸ್ಪಷ್ಟ. ಆಮ್ಲ ಹೆಚ್ಚಿದಾಗ ನಾಳಿಕೆಯ ಮೊದಲ ಭಾಗದ ಕೋಶಗಳಲ್ಲಿ ಪಿವೈಕೆ-2 ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಅಮೆರಿಕದ ಟೆಕ್ಸಾಸಿನಲ್ಲಿ ಪ್ರೀಸಿಗ್, ಆಲ್ಪರ್ನ್ ಅವರ ತಂಡ 2004ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ, ಈ ಕಿಣ್ವವನ್ನು ನಿಷ್ಕ್ರಿಯಗೊಳಿಸಿದರೆ ಆಮ್ಲಕ್ಕೆ ಪ್ರತಿಯಾಗಿ ವಿನಿಮಯ ಹೆಚ್ಚಬೇಕಾದದ್ದು ಹೆಚ್ಚುವುದೇ ಇಲ್ಲ. ಅದೇ ಹಾದಿಯಲ್ಲಿ ಕೋಶ ಎಂಡೋಥೆಲಿನ್ ಎಂಬ ಹಾರ್ಮೋನನ್ನು ತಾನೇ ತಯಾರಿಸಿ, ತನ್ನದೇ ಮೇಲ್ಮೈಯ ಗ್ರಾಹಕದ ಮೂಲಕ ತನಗೇ ಅಪ್ಪಣೆ ಕೊಟ್ಟುಕೊಳ್ಳುತ್ತದೆ. ಕಾರ್ಟಿಸೋಲ್ ಜೊತೆಗಿದ್ದರೆ ಪ್ರತಿಕ್ರಿಯೆ ಪೂರ್ಣಗೊಳ್ಳುತ್ತದೆ. ಆರೋಗ್ಯವಂತರಿಗೆ ಇದು ರಕ್ಷಣೆ. ಅರ್ಧಕ್ಕರ್ಧ ಕೋಶಗಳು ಸತ್ತ ಕಿಡ್ನಿಯಲ್ಲಿ ಕತೆ ಬೇರೆ. ಉಳಿದ ಕೋಶಗಳ ಮೇಲೆ ಹೊರೆ ಹೆಚ್ಚಿ ಎಂಡೋಥೆಲಿನ್, ಅಲ್ಡೋಸ್ಟೆರೋನ್, ಆಂಜಿಯೋಟೆನ್ಸಿನ್ ಮೂರೂ ಏರಿಯೇ ಇರುತ್ತವೆ. ಆಮ್ಲ ಹೊರಹಾಕಲು ನೆರವಾಗುವ ಇದೇ ಹಾರ್ಮೋನುಗಳು ದೀರ್ಘಕಾಲ ಹೆಚ್ಚಿದ್ದರೆ ಅಂಗಾಂಶದಲ್ಲಿ ಗಾಯದ ನಾರು ಬೆಳೆಸುತ್ತವೆ. ಕಿಡ್ನಿ ಇಂದಿನ ಕೆಲಸಕ್ಕಾಗಿ ನಾಳಿನ ಆಯುಸ್ಸನ್ನು ಖರ್ಚು ಮಾಡುತ್ತದೆ.

ಹೈಡ್ರೋಜನ್ ಅಯಾನನ್ನೇ ಒಂದು ಹಾರ್ಮೋನು ಎಂದು ಕರೆಯುವಷ್ಟು ದೂರ ಹೋಗಬಹುದೇ? 2003ರಲ್ಲಿ ಲುಡ್ವಿಗ್ ಮತ್ತು ಸಂಗಡಿಗರು, ಎರಡು ಗ್ರಾಹಕಗಳು ಹೈಡ್ರೋಜನ್ ಅಯಾನಿಗೇ ಸ್ಪಂದಿಸುತ್ತವೆ ಎಂದು ತೋರಿಸಿದಾಗ ಈ ಪ್ರಶ್ನೆ ಗಂಭೀರವಾಯಿತು. ಅವುಗಳಲ್ಲೊಂದಾದ ಜಿಪಿಆರ್-4 ಇಲ್ಲದ ಇಲಿಗಳು ಮೂತ್ರದಲ್ಲಿ ಆಮ್ಲವನ್ನು ಸಾಕಷ್ಟು ಹೊರಹಾಕಲಾರವು ಎಂದು 2010ರಲ್ಲಿ ಗೊತ್ತಾಯಿತು. ಮರುವರ್ಷ ಇನ್ನೂ ವಿಚಿತ್ರವಾದ ಸುದ್ದಿ ಬಂತು. ಇನ್ಸುಲಿನ್ ಗ್ರಾಹಕದ ಅಣ್ಣತಮ್ಮನಂತಿರುವ, ಆದರೆ ಇನ್ಸುಲಿನ್ನಿಗೆ ಸ್ಪಂದಿಸದೆ ‘ಅನಾಥ’ ಎನಿಸಿಕೊಂಡಿದ್ದ ಒಂದು ಗ್ರಾಹಕ ಕ್ಷಾರದ ದ್ರಾವಣದಲ್ಲಿ ತಾನಾಗಿಯೇ ಎಚ್ಚರಗೊಳ್ಳುತ್ತದೆ. ಅದು ಕಿಡ್ನಿಯ ಸಂಗ್ರಹ ನಾಳದಲ್ಲಿ ಬೈಕಾರ್ಬನೇಟ್ ಹೊರಹಾಕುವ ಕೋಶಗಳಲ್ಲೇ ಇದೆ, ಅದಿಲ್ಲದ ಇಲಿಗಳಿಗೆ ಹೆಚ್ಚುವರಿ ಕ್ಷಾರವನ್ನು ಹೊರಹಾಕುವುದು ಕಷ್ಟ. ಅಯಾನನ್ನು ಹಾರ್ಮೋನು ಎಂದು ಕರೆಯುವುದಕ್ಕೆ ನನ್ನ ತಕರಾರಿದೆ. ಹಾರ್ಮೋನಿಗೆ ಒಂದು ಮೂಲ, ಒಂದು ಗುರಿ ಇರಬೇಕು. ಎಲ್ಲೆಡೆ ಹುಟ್ಟಿ ಎಲ್ಲೆಡೆ ಹರಡುವುದಕ್ಕೆ ಆ ಗೌರವ ಕೊಟ್ಟರೆ ಪದವೇ ಸವೆದುಹೋಗುತ್ತದೆ. ಆದರೆ ಅದು ಹಾರ್ಮೋನುಗಳ ಬಾಗಿಲನ್ನೇ ಬಳಸಿ ಒಳಬರುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಇಲ್ಲಿಯವರೆಗಿನದು ಕೋಶದ ಒಳರಸ ಮತ್ತು ಹೊರಮೈಯ ಮಾತು. ನನ್ನ ವಾದದ ತಿರುಳು ಇರುವುದು ಎಂಡೋಸೋಮ್‌ಗಳಲ್ಲಿ. ಹಾರ್ಮೋನು ಕೋಶದ ಹೊರಮೈಯಲ್ಲಿ ಗ್ರಾಹಕಕ್ಕೆ ಅಂಟುತ್ತದೆ, ಸಂಕೇತ ಹುಟ್ಟುತ್ತದೆ, ಆಮೇಲೆ ಗ್ರಾಹಕವನ್ನು ಒಳಗೆಳೆದುಕೊಂಡರೆ ಸಂಕೇತ ಮುಗಿಯಿತು ಎಂದು ನಂಬಿದ್ದ ಕಾಲವಿತ್ತು. 2009ರಲ್ಲಿ ಫೆರಾಂಡನ್, ವಿಲಾರ್ದಾಗಾ ಮೊದಲಾದವರು ಪ್ಯಾರಾಥೈರಾಯ್ಡ್ ಹಾರ್ಮೋನಿನಲ್ಲಿ ಇದನ್ನು ಸುಳ್ಳು ಮಾಡಿದರು. ಹಾರ್ಮೋನು ಗ್ರಾಹಕದ ಸಮೇತ ಎಂಡೋಸೋಮ್ ಸೇರಿದ ಮೇಲೂ ಸೈಕ್ಲಿಕ್ ಎಎಂಪಿ ಎಂಬ ಒಳದೂತ ಬಹಳ ಹೊತ್ತು ತಯಾರಾಗುತ್ತಲೇ ಇತ್ತು. ಹಾಗಾದರೆ ನಿಲ್ಲಿಸುವವರು ಯಾರು? 2014ರಲ್ಲಿ ಅದೇ ಬಳಗ ಉತ್ತರ ಕೊಟ್ಟಿತು. ಸಂಕೇತವೇ ಎಬ್ಬಿಸಿದ ಕಿಣ್ವವೊಂದು ಎಂಡೋಸೋಮಿನ ಪೊರೆಯಲ್ಲಿರುವ ಹೈಡ್ರೋಜನ್ ಪಂಪನ್ನು ಚುರುಕುಗೊಳಿಸುತ್ತದೆ. ಚೀಲ ಹುಳಿಯಾಗುತ್ತದೆ, ಹುಳಿಯಲ್ಲಿ ಹಾರ್ಮೋನಿನ ಹಿಡಿತ ಸಡಿಲಗೊಂಡು ಗ್ರಾಹಕದಿಂದ ಕಳಚಿಕೊಳ್ಳುತ್ತದೆ, ಸಂಕೇತ ಆರುತ್ತದೆ. ಪಂಪನ್ನು ತಡೆದರೆ ಸಂಕೇತ ಆರುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಹಾರ್ಮೋನಿನ ಅಪ್ಪಣೆಗೆ ಅವಧಿ ನಿಗದಿಮಾಡುವುದು ಆಮ್ಲ ಎಂಬ ಮಾತಿಗೆ ಇದಕ್ಕಿಂತ ನೇರವಾದ ಪುರಾವೆ ನನಗೆ ತಿಳಿದಂತೆ ಇನ್ನೊಂದಿಲ್ಲ. ನೀರನ್ನು ಹಿಡಿದಿಡಲು ಹೇಳುವ ವ್ಯಾಸೊಪ್ರೆಸಿನ್ ಕೂಡ ಒಳಸೇರಿದ ಮೇಲೆ ಸಂಕೇತ ಮುಂದುವರಿಸುತ್ತದೆ ಎಂದು 2013ರಲ್ಲಿ ಕಂಡುಬಂತು.

ಇಂಥ ಮಾತನ್ನು ಊಹೆಯ ಮಟ್ಟದಿಂದ ಮೇಲೆತ್ತಲು ಬದುಕಿರುವ ಕೋಶದಲ್ಲಿ, ಚಲಿಸುತ್ತಿರುವ ಚೀಲದೊಳಗೆ, ಆಮ್ಲತೆಯನ್ನು ಅಳೆಯುವ ಸಾಧನ ಬೇಕು. ಕರ್ನಾಟಕದ ಪಾಲು ಬರುವುದು ಇಲ್ಲಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಜಿಕೆವಿಕೆ ಆವರಣದ ಆ ಎನ್‌ಸಿಬಿಎಸ್‌ನಲ್ಲಿ, ಯಮುನಾ ಕೃಷ್ಣನ್ ಅವರ ತಂಡ ಸತ್ಯಜಿತ್ ಮೇಯರ್ ಅವರ ಪ್ರಯೋಗಾಲಯದ ಜೊತೆಗೂಡಿ 2009ರಲ್ಲಿ ಡಿಎನ್‌ಎ ಎಳೆಗಳಿಂದಲೇ ಹೆಣೆದ ಪುಟ್ಟ ಯಂತ್ರವೊಂದನ್ನು ಪ್ರಕಟಿಸಿತು. ಅದರ ಹೆಸರು ಐ-ಸ್ವಿಚ್. ಸೈಟೊಸಿನ್ ಹೆಚ್ಚಿರುವ ಡಿಎನ್‌ಎ ಎಳೆ ಆಮ್ಲದಲ್ಲಿ ಮಡಚಿಕೊಳ್ಳುತ್ತದೆ, ಆಮ್ಲ ಕಡಿಮೆಯಾದರೆ ಬಿಚ್ಚಿಕೊಳ್ಳುತ್ತದೆ. ಮಡಚಿದಾಗ ಎರಡು ತುದಿಯ ಬಣ್ಣದ ಅಣುಗಳು ಹತ್ತಿರ ಬಂದು ಬೆಳಕಿನ ಬಣ್ಣ ಬದಲಾಗುತ್ತದೆ. ಪಿಎಚ್ 5.5ರಿಂದ 6.8ರವರೆಗೆ, ಅಂದರೆ ಎಂಡೋಸೋಮ್‌ಗಳು ಓಡಾಡುವ ವ್ಯಾಪ್ತಿಯಲ್ಲೇ ಅದು ಕೆಲಸಮಾಡುತ್ತದೆ. ಅಂದು ಪ್ರಯೋಗಿಸಿದ್ದು ಹಣ್ಣಿನ ನೊಣದ ಕೋಶಗಳಲ್ಲಿ. 2013ರ ಹೊತ್ತಿಗೆ ಒಂದೇ ಕೋಶದ ಎರಡು ಹಾದಿಗಳಲ್ಲಿ ಎರಡು ಯಂತ್ರಗಳನ್ನು ಏಕಕಾಲಕ್ಕೆ ಓಡಿಸಿ ಓದುವುದು ಸಾಧ್ಯವಾಯಿತು. ಕಿಡ್ನಿಯ ವಿಜ್ಞಾನಕ್ಕಾಗಿ ಮಾಡಿದ ಕೆಲಸ ಇದಲ್ಲ, ನಿಜ. ಆದರೆ ‘ಕೋಶದ ಪಿಎಚ್’ ಎಂಬ ಒಂಟಿ ಅಂಕಿಯನ್ನು ಮುರಿದು, ಯಾವ ಚೀಲದ ಪಿಎಚ್ ಎಂದು ಕೇಳುವುದನ್ನು ಕಲಿಸಿದ ಕೆಲಸಗಳಲ್ಲಿ ಇದು ಮುಂಚೂಣಿಯದು. 

ಎಂಡೋಸೋಮಿನ ಹುಳಿ ಕೆಟ್ಟರೆ ಮನುಷ್ಯರಿಗೆ ಏನಾಗುತ್ತದೆ ಎಂಬುದಕ್ಕೆ ಪ್ರಕೃತಿಯೇ ಮಾಡಿಟ್ಟ ಪ್ರಯೋಗವೊಂದಿದೆ. ಅದು ಡೆಂಟ್ ಕಾಯಿಲೆ. ಬ್ರಿಟನ್ನಿನ ವೈದ್ಯ ಚಾರ್ಲ್ಸ್ ಡೆಂಟ್ ಮತ್ತು ಫ್ರೀಡ್‌ಮನ್ 1964ರಲ್ಲಿ ವಿವರಿಸಿದ ಈ ಆನುವಂಶಿಕ ತೊಂದರೆ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಮೂತ್ರದಲ್ಲಿ ಚಿಕ್ಕ ಪ್ರೋಟೀನುಗಳು ಸೋರುತ್ತವೆ, ಸುಣ್ಣದಂಶ ಹೋಗುತ್ತದೆ, ಕಲ್ಲು ಕಟ್ಟುತ್ತದೆ, ಕೆಲವರಿಗೆ ಮೂಳೆ ಬಾಗುತ್ತದೆ, ಹಲವರಿಗೆ ನಡುವಯಸ್ಸಿಗೆ ಕಿಡ್ನಿ ಸೋಲುತ್ತದೆ. 1996ರಲ್ಲಿ ಕಾರಣ ಸಿಕ್ಕಿತು: ಎಂಡೋಸೋಮಿನ ಪೊರೆಯಲ್ಲಿ ಕ್ಲೋರೈಡ್ ಸಾಗಿಸುವ ಸಿಎಲ್‌ಸಿ-5 ಎಂಬ ಪ್ರೋಟೀನಿನ ದೋಷ. ಹೈಡ್ರೋಜನ್ ಪಂಪು ಧನ ವಿದ್ಯುದಂಶವನ್ನು ಒಳಗೆ ತುಂಬುತ್ತ ಹೋದರೆ ಬೇಗನೆ ತಡೆಯುಂಟಾಗುತ್ತದೆ. ಜೊತೆಗೆ ಕ್ಲೋರೈಡ್ ಒಳಬಂದರೆ ಪಂಪು ಸರಾಗ. ಆ ಪ್ರೋಟೀನು ಇಲ್ಲದ ಇಲಿಗಳನ್ನು ಜರ್ಮನಿಯ ಥಾಮಸ್ ಯೆಂಟ್ಷ್ ಅವರ ಬಳಗ 2000ದಲ್ಲಿ ರೂಪಿಸಿದಾಗ ಹಾರ್ಮೋನಿನ ಕತೆ ಬಯಲಾಯಿತು. ಸೋಸಿ ಬಂದ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಆರೋಗ್ಯವಂತ ಕೋಶ ನುಂಗಿ ಅರೆದುಬಿಡುತ್ತದೆ. ಈ ಇಲಿಗಳ ಕೋಶಗಳಿಗೆ ಸರಿಯಾಗಿ ನುಂಗಲು ಆಗುವುದಿಲ್ಲ. ಹಾರ್ಮೋನು ನಾಳಿಕೆಯಲ್ಲೇ ಉಳಿದು ಮುಂದಕ್ಕೆ ಹರಿಯುತ್ತ, ನಾಳಿಕೆಯ ಒಳಗೋಡೆಯ ಗ್ರಾಹಕಗಳನ್ನು ಅಗತ್ಯಕ್ಕಿಂತ ಹೆಚ್ಚು ಕೆಣಕುತ್ತದೆ. ಫಾಸ್ಫೇಟ್ ಸೋರಿಹೋಗುತ್ತದೆ. ರಕ್ತದಲ್ಲಿ ಹಾರ್ಮೋನಿನ ಮಟ್ಟ ಸರಿಯಾಗಿದ್ದೂ ನಾಳಿಕೆಯಲ್ಲಿ ಅದು ಅತಿಯಾಗಿದೆ! ರಕ್ತ ತೆಗೆದು ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಓದುಗರಿಗೆ ಅರ್ಧ ಸತ್ಯ ಹೇಳಿದಂತೆ. ನನ್ನ ವಾದಕ್ಕೆ ಬಿದ್ದ ಅತಿ ದೊಡ್ಡ ಪೆಟ್ಟು ಅದೇ ಯೆಂಟ್ಷ್ ಬಳಗದಿಂದ 2010ರಲ್ಲಿ ಬಂತು. ಸಿಎಲ್‌ಸಿ-5ರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿ, ಕ್ಲೋರೈಡ್ ಹಾದುಹೋಗುವಂತೆ ಆದರೆ ಹೈಡ್ರೋಜನ್ನಿನ ಜೊತೆ ವಿನಿಮಯವಾಗದಂತೆ ಮಾಡಿದ ಇಲಿಗಳಲ್ಲಿ ಎಂಡೋಸೋಮ್ ಸರಿಯಾಗಿಯೇ ಹುಳಿಯಾಯಿತು. ಆದರೂ ಅವಕ್ಕೆ ಡೆಂಟ್ ಕಾಯಿಲೆಯ ಲಕ್ಷಣಗಳೆಲ್ಲ ಬಂದವು. ಹಾಗಾದರೆ ಕೆಟ್ಟದ್ದು ಹುಳಿಯಲ್ಲ, ಚೀಲದೊಳಗೆ ಕ್ಲೋರೈಡ್ ಸಾಕಷ್ಟು ಸೇರದಿರುವುದೇ ಮೂಲ ಎಂದು ಅವರು ವಾದಿಸಿದರು. ಈ ಪುರಾವೆಯನ್ನು ನಾನು ಒಪ್ಪುತ್ತೇನೆ. ಡೆಂಟ್ ಕಾಯಿಲೆಯನ್ನು ಆಮ್ಲದ ಕಾಯಿಲೆ ಎಂದಷ್ಟೇ ಕರೆಯುವುದು ಇನ್ನು ಸಾಧ್ಯವಿಲ್ಲ. ಆದರೆ ಇದು ಮುರಿಯುವುದು ವಾದದ ಒಂದು ಎಳೆಯನ್ನು ಮಾತ್ರ. ಹೈಡ್ರೋಜನ್ನನ್ನು ಖರ್ಚುಮಾಡಿಯೇ ಕ್ಲೋರೈಡನ್ನು ಒಳಗೆ ಕೂಡಿಡಬೇಕು ಎಂದರೆ ಆಮ್ಲದ ಏರಿಳಿತವೇ ಆ ಕೆಲಸದ ಬಂಡವಾಳ ಎಂದಾಯಿತು. ಕೋಶದ ಆಯಾ ಚೀಲದ ರಸಾಯನ ಹಾರ್ಮೋನಿನ ಗತಿಯನ್ನು ನಿರ್ಧರಿಸುತ್ತದೆ, ರಕ್ತದ ಅಂಕಿ ಅದನ್ನು ಹೇಳುವುದಿಲ್ಲ ಎಂಬ ಮಾತು ಇದರಿಂದ ಇನ್ನಷ್ಟು ಬಲವಾಗುತ್ತದೆಯೇ ಹೊರತು ಸೋಲುವುದಿಲ್ಲ. ಯಮುನಾ ಕೃಷ್ಣನ್ ಅವರ ತಂಡ ಮುಂದೆ 2015ರಲ್ಲಿ ಪಿಎಚ್ ಏನೇ ಇರಲಿ ಚೀಲದೊಳಗಿನ ಕ್ಲೋರೈಡನ್ನು ಅಳೆಯುವ ಡಿಎನ್‌ಎ ಸಾಧನವನ್ನೂ ರೂಪಿಸಿತು. ಇಂಥ ವ್ಯಾಜ್ಯಗಳನ್ನು ತೀರ್ಮಾನಿಸುವ ಉಪಕರಣ ಅದೇ.

ಇನ್ನೆರಡು ಆಕ್ಷೇಪಗಳಿವೆ. ಕೋಶ ತನ್ನ ಒಳರಸದ ಪಿಎಚ್ ಅನ್ನು ಬಿಗಿಯಾಗಿ ಕಾಯುತ್ತದೆ, ರಕ್ತ ಎಷ್ಟೇ ಹುಳಿಯಾದರೂ ಒಳಗೆ ಬದಲಾಗುವುದು ದಶಮಾಂಶ ಒಂದೋ ಎರಡೋ ಅಷ್ಟೇ, ಅಷ್ಟರಿಂದ ಏನಾದೀತು ಎನ್ನುವವರಿದ್ದಾರೆ. ಪಿಎಚ್ ಎಂಬುದು ಲಾಗರಿದಮ್ ಲೆಕ್ಕ. 7.2ರಿಂದ 7.1ಕ್ಕೆ ಇಳಿದರೆ ಅಯಾನುಗಳು 63ರಿಂದ 79 ನ್ಯಾನೋಮೋಲಿಗೆ, ಅಂದರೆ ಕಾಲು ಭಾಗದಷ್ಟು ಏರಿದವು. ರಕ್ತದಲ್ಲಿ ಪೊಟ್ಯಾಸಿಯಂ ಕಾಲು ಭಾಗ ಏರಿದರೆ ಯಾವ ವೈದ್ಯರೂ ಅದನ್ನು ಸಣ್ಣದೆನ್ನುವುದಿಲ್ಲ. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಈ ಪುರಾವೆಗಳಲ್ಲಿ ಬಹುಪಾಲು ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ, ಕಪ್ಪೆ ಇಲಿಗಳಿಂದ ಬಂದವು. ಎಂಡೋಸೋಮ್ ಸಂಕೇತದ ಕೆಲಸಕ್ಕೆ ಬಹಳ ಬಳಕೆಯಾಗುವ ಎಚ್‌ಇಕೆ-293 ಕೋಶಗಳ ಹೆಸರಿನಲ್ಲಿ ಮಾನವ ಭ್ರೂಣದ ಕಿಡ್ನಿ ಎಂದಿದ್ದರೂ ಅವು ನಾಳಿಕೆಯ ಕೋಶಗಳಂತೆ ನಡೆದುಕೊಳ್ಳುವುದಿಲ್ಲ. ಪ್ರಾಣಿಯಲ್ಲಿ ಕಂಡದ್ದು ಮನುಷ್ಯನಲ್ಲಿ ತಲೆಕೆಳಗಾದ ಉದಾಹರಣೆಯೂ ಇದೆ. ಆಮ್ಲ ಹೆಚ್ಚಿದರೆ ಕಿಡ್ನಿ ವಿಟಮಿನ್ ಡಿಯನ್ನು ಅದರ ಚುರುಕು ರೂಪಕ್ಕೆ ತಿರುಗಿಸುವುದು ಕುಂದುತ್ತದೆ ಎಂದು 1977ರಲ್ಲಿ ಪ್ರಾಣಿಪ್ರಯೋಗ ಹೇಳಿತ್ತು. 1992ರಲ್ಲಿ ಕ್ರಾಫ್ ಮತ್ತು ಸಂಗಡಿಗರು ಆರೋಗ್ಯವಂತ ಮನುಷ್ಯರಲ್ಲಿ ನೋಡಿದಾಗ ಅದು ಹೆಚ್ಚಿತ್ತು, ಫಾಸ್ಫೇಟ್ ಕಡಿಮೆಯಾದದ್ದೇ ಅದಕ್ಕೆ ಪ್ರಚೋದನೆ ಎಂದರು. ಈ ವಿರೋಧವನ್ನು ನಾನು ಮುಚ್ಚಿಡುವುದಿಲ್ಲ. ಆಮ್ಲತೆ ಒಂಟಿಯಾಗಿ ಆಳುವುದಿಲ್ಲ, ಫಾಸ್ಫೇಟ್, ಪೊಟ್ಯಾಸಿಯಂಗಳ ಜೊತೆ ಹಗ್ಗಜಗ್ಗಾಟದಲ್ಲಿದೆ. ಆದರೆ ಎರಡೂ ಪ್ರಯೋಗಗಳಲ್ಲಿ ಹಾರ್ಮೋನಿನ ಕೆಲಸ ಆಮ್ಲದಿಂದ ಬದಲಾಗಿದೆ ಎಂಬ ಅಂಶ ಮಾತ್ರ ಸಮಾನ.

ಈಗ ರೋಗಿಯ ಹಾಸಿಗೆಯ ಪಕ್ಕಕ್ಕೆ ಬರೋಣ. ಲಂಡನ್ನಿನಲ್ಲಿ 134 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷ ಸೋಡಿಯಂ ಬೈಕಾರ್ಬನೇಟ್ ಮಾತ್ರೆ ತೆಗೆದುಕೊಂಡವರ ಕಿಡ್ನಿಯ ಶಕ್ತಿ ಉಳಿದವರಿಗಿಂತ ನಿಧಾನವಾಗಿ ಕುಗ್ಗಿತು. ಇಟಲಿಯ 740 ರೋಗಿಗಳ 2019ರ ಪ್ರಯೋಗವೂ ಅದನ್ನೇ ಹೇಳಿತು. ಎರಡರಲ್ಲೂ ರೋಗಿಗೂ ವೈದ್ಯರಿಗೂ ಯಾರು ಮಾತ್ರೆ ಪಡೆಯುತ್ತಿದ್ದಾರೆ ಎಂದು ಗೊತ್ತಿತ್ತು, ಹೋಲಿಕೆಗೆ ಹುಸಿಮಾತ್ರೆ ಇರಲಿಲ್ಲ. ಹುಸಿಮಾತ್ರೆಯಿಟ್ಟು ಬ್ರಿಟನ್ನಿನಲ್ಲಿ 60 ದಾಟಿದ 300 ಜನರ ಮೇಲೆ ನಡೆಸಿದ 2020ರ ಬೈಕಾರ್ಬ್ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಹೊಟ್ಟೆಯಲ್ಲೇ ಆಮ್ಲವನ್ನು ಹೀರುವ ವೆವೆರಿಮರ್ ಎಂಬ ಔಷಧದ ದೊಡ್ಡ ಪ್ರಯೋಗವೂ ಕಿಡ್ನಿ ಕುಗ್ಗುವುದನ್ನು ತಡೆಯಲಿಲ್ಲ. 2012ರಲ್ಲಿ ರಕ್ತದ ಬೈಕಾರ್ಬನೇಟ್ 22ಕ್ಕಿಂತ ಕೆಳಗಿಳಿದರೆ ಚಿಕಿತ್ಸೆ ಕೊಡಿ ಎಂದಿದ್ದ ಕೆಡಿಗೋ ಎಂಬ ಅಂತರರಾಷ್ಟ್ರೀಯ ಮಾರ್ಗದರ್ಶಿ, 2024ರಲ್ಲಿ ಆ ಗೆರೆಯನ್ನು 18ಕ್ಕೆ ಇಳಿಸಿ ಮೃದುವಾಯಿತು. ಹಾಗಿದ್ದ ಮೇಲೆ ಆಮ್ಲದ ಕತೆಯೇ ಪೊಳ್ಳು ಎನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಈ ಪ್ರಯೋಗಗಳು ರೋಗಿಗಳನ್ನು ಆರಿಸಿದ್ದೂ ಆಮ್ಲ ತಗ್ಗಿತೇ ಎಂದು ನೋಡಿದ್ದೂ ರಕ್ತದ ಬೈಕಾರ್ಬನೇಟ್ ಎಂಬ ಒಂದೇ ಅಂಕಿಯಿಂದ. ವೆವೆರಿಮರ್ ಪ್ರಯೋಗದಲ್ಲಂತೂ ಎರಡು ಗುಂಪುಗಳ ನಡುವೆ ಆ ಅಂಕಿಯಲ್ಲೂ ಹೇಳಿಕೊಳ್ಳುವ ಅಂತರ ಉಳಿಯಲಿಲ್ಲ. ಟೆಕ್ಸಾಸಿನ ಗೊರಾಯಾ ಮತ್ತು ವೆಸ್ಸನ್ ಅವರ ಕೆಲಸ ಬೇರೆ ಜಾತಿಯದು. ಬೈಕಾರ್ಬನೇಟ್ ಇನ್ನೂ ತೀರ ಇಳಿಯದ, ಕಿಡ್ನಿ ಕಾಯಿಲೆಯ ಮೂರನೆಯ ಹಂತದ 108 ರೋಗಿಗಳಲ್ಲಿ ಮೂರು ವರ್ಷ ಕೆಲವರಿಗೆ ಹಣ್ಣು ತರಕಾರಿ, ಕೆಲವರಿಗೆ ಬೈಕಾರ್ಬನೇಟ್, ಉಳಿದವರಿಗೆ ಎಂದಿನ ಚಿಕಿತ್ಸೆ ಕೊಟ್ಟು 2014ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಮೊದಲ ಎರಡೂ ಗುಂಪುಗಳ ಕಿಡ್ನಿ ಹೆಚ್ಚು ಉಳಿಯಿತು, ಆಂಜಿಯೋಟೆನ್ಸಿನ್ ವ್ಯವಸ್ಥೆಯ ಚಟುವಟಿಕೆಯ ಗುರುತೂ ಮೂತ್ರದಲ್ಲಿ ತಗ್ಗಿತು. ಅವರು ನೋಡಿದ್ದು ಹಾರ್ಮೋನಿನ ಕಡೆಯಿಂದ, ಅಂಗಾಂಶದಲ್ಲಿ ಉಳಿದ ಆಮ್ಲದ ಕಡೆಯಿಂದ. ಪ್ರಯೋಗ ಚಿಕ್ಕದು, ಒಂದೇ ಕೇಂದ್ರದ್ದು. ಮುಂದಿನ ದೊಡ್ಡ ಪ್ರಯೋಗ ಇದೇ ದಾರಿಯಲ್ಲಿ ನಡೆಯಬೇಕು ಎನ್ನುವಷ್ಟಕ್ಕೆ ಅದು ಸಾಕು.

ಹಣ್ಣು ತರಕಾರಿಯ ಮಾತು ನಮ್ಮ ಸೀಮೆಯಲ್ಲಿ ಅಪಾಯಕ್ಕೂ ದಾರಿಯಾಗಬಹುದು. ಗುಂಡ್ಲುಪೇಟೆಯ ಬಾಳೆ, ಪಕ್ಕದ ನಂಜನಗೂಡಿನ ರಸಬಾಳೆ, ಸೊಪ್ಪಿನ ಸಾರು, ಹುರುಳಿ ಎಲ್ಲದರಲ್ಲೂ ಪೊಟ್ಯಾಸಿಯಂ ಧಾರಾಳ, ರಾಗಿಯಲ್ಲೂ ಕಡಿಮೆಯೇನಿಲ್ಲ. ಟೆಕ್ಸಾಸಿನವರು ನಾಲ್ಕನೆಯ ಹಂತದ ರೋಗಿಗಳ ಮೇಲೆ ಪ್ರಯೋಗ ಮಾಡುವಾಗ ಪೊಟ್ಯಾಸಿಯಂ ಏರುವ ಸಂಭವವಿದ್ದವರನ್ನು ಮೊದಲೇ ಹೊರಗಿಟ್ಟಿದ್ದರು. ಅಲ್ಡೋಸ್ಟೆರೋನಿನ ಮಾತು ಕೇಳದ, ರೋಮ್‌ಕೆ ಮುಚ್ಚಿಕೊಂಡ ಕೋಶಗಳಿರುವ ಕಿಡ್ನಿಗೆ, ಅದೂ ರಕ್ತದೊತ್ತಡಕ್ಕೆ ಆಂಜಿಯೋಟೆನ್ಸಿನ್ ತಡೆಯುವ ಮಾತ್ರೆ ನುಂಗುತ್ತಿರುವವರಿಗೆ, ಬಾಳೆಹಣ್ಣಿನ ಪಥ್ಯ ಹೃದಯ ನಿಲ್ಲಿಸಬಲ್ಲದು. ಸೋಡಾ ಮಾತ್ರೆಯೂ ನಿರಪಾಯವೇನಲ್ಲ. ಒಂದು ಗ್ರಾಂ ಸೋಡಿಯಂ ಬೈಕಾರ್ಬನೇಟಿನಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇದೆ. ಕಾಲು ಊದಿದವರಿಗೆ, ಒತ್ತಡ ಹತೋಟಿಗೆ ಬಾರದವರಿಗೆ ಇದು ಲೆಕ್ಕಕ್ಕೆ ಬರುತ್ತದೆ. ಅಡುಗೆಸೋಡಾವನ್ನು ನೀರಿಗೆ ಕದಡಿ ತಾವಾಗಿಯೇ ಕುಡಿಯುವುದಂತೂ ಬೇಡವೇ ಬೇಡ.

ಕೋಶದೊಳಗಿನ ಚೀಲದ ಪಿಎಚ್ ಅಳೆಯುವ ಯಂತ್ರ ಆಸ್ಪತ್ರೆಗೆ ಬರಲು ಇನ್ನೂ ಕಾಲ ಬೇಕು. ಅಲ್ಲಿಯವರೆಗೆ ರಕ್ತದ ಬೈಕಾರ್ಬನೇಟ್ ಎಂಬ ಒರಟು ಅಂಕಿಯೇ ಗತಿ. ಆದರೆ ಅದೂ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅನೇಕ ಲ್ಯಾಬುಗಳಲ್ಲಿ ಕಿಡ್ನಿಯ ಕೆಲಸ ಅಳೆಯುವ ಆರ್‌ಎಫ್‌ಟಿ ಪಟ್ಟಿಯಲ್ಲಿ ಯೂರಿಯಾ, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಇರುತ್ತವೆ, ಬೈಕಾರ್ಬನೇಟ್ ಇರುವುದಿಲ್ಲ. ಹಳ್ಳಿಯಲ್ಲಿ ರಕ್ತ ತೆಗೆದು ಮೈಸೂರಿಗೆ ಕಳಿಸುವಾಗ ಕೊಳವೆ ಅರೆತುಂಬಿದ್ದರೆ, ಮುಚ್ಚಳ ತೆರೆದಿದ್ದರೆ, ತಡವಾದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಅಂಕಿ ಇದ್ದುದಕ್ಕಿಂತ ಕಡಿಮೆ ಬರುತ್ತದೆ. ಹಾಗೆ ಬಂದ ಒಂದೇ ಚೀಟಿ ನೋಡಿ ಮಾತ್ರೆ ಶುರುಮಾಡುವುದೂ ತಪ್ಪು. ಮನೆಯಲ್ಲಿ ಕಿಡ್ನಿ ಕಾಯಿಲೆಯವರಿದ್ದರೆ ಮುಂದಿನ ಸಲ ಕ್ರಿಯಾಟಿನಿನ್ ಬರೆಸುವಾಗ ಬೈಕಾರ್ಬನೇಟನ್ನೂ ಬರೆಸಿ. ಕೊಳವೆ ಪೂರ್ತಿ ತುಂಬಿಸಿ, ಅಂದೇ ಪರೀಕ್ಷೆಯಾಗುವಂತೆ ಕೇಳಿ. ಬಂದ ಅಂಕಿಯನ್ನು ಪೊಟ್ಯಾಸಿಯಂ ಜೊತೆಗಿಟ್ಟು ವೈದ್ಯರಿಗೆ ತೋರಿಸದೆ ಊಟದ ಪಥ್ಯವನ್ನಾಗಲಿ ಸೋಡಾವನ್ನಾಗಲಿ ನೀವೇ ಬದಲಿಸಬೇಡಿ.